ನೂರಕ್ಕೆ ಮೂರು

ಫೆಬ್ರವರಿ 9

ಪ್ರೀತಿಯ ತಮ್ಮ,

ನಿನಗೆ ಫೋನ್ ಮಾಡಿದರೆ ಎರಡು ತೊಂದರೆ. ಒಂದು, ನಿಮ್ಮ ಕೇಂದ್ರ ಬ್ಯಾಂಕಿನಲ್ಲಿ ನಿನ್ನ ವಿಭಾಗದ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಇನ್ನೊಂದು, ರೆಕಾರ್ಡ್ ಮಾಡಿ ಇಟ್ಟುಕೊಳ್ಳುವಂಥದ್ದನ್ನು ನೀನು ಏನೂ ಮಾತಾಡುವುದಿಲ್ಲ. ಹಾಗಾಗಿ ಎಂದಿನಂತೆ ಕಾಗದವೇ ಗತಿ.

ನಿನ್ನ ಭಾವ ತಾವು ಓಡಿಸುವ ಶಾಲೆಯ ವ್ಯಾನಿಗೆ ಹೊಸ ಟೈರು ಹಾಕಿಸಿ, ದಿನಾ ಬೆಳಿಗ್ಗೆ ಅವನ್ನು ಮುಟ್ಟಿ ನೋಡಿ ಸಂತೋಷಪಡುತ್ತಿದ್ದಾರೆ. ನನಗೆ ಮಾತ್ರ ಉಸಿರಾಡಲು ಪುರಸೊತ್ತಿಲ್ಲ. ಮೂರು ವರ್ಷಕ್ಕೊಮ್ಮೆ ಆಗುವ ಸಂಬಳದ ಒಪ್ಪಂದ ಈಗ ಬಂದಿದೆ. ಸಂಘದ ಕಾರ್ಯದರ್ಶಿ ಆಗುವಾಗ ಹಾರ ಹಾಕಿದ್ದಷ್ಟೇ ನೆನಪಿತ್ತು. ರಟ್ಟಿನ ಪೆಟ್ಟಿಗೆ ಮಾಡುವ ನಾನೂರು ಜನ ದಿನವಿಡೀ ನನ್ನ ಮುಖವನ್ನೇ ನೋಡುತ್ತಾರೆ ಎಂದು ಯಾರೂ ಹೇಳಿರಲಿಲ್ಲ.

ಮಾತುಕತೆ ನಡೆಯುವುದು ಅಂಟಿನ ಗೋದಾಮಿನ ಮೇಲಿನ ಕೋಣೆಯಲ್ಲಿ. ಕೆಳಗೆ ಜೋಳದ ಹಿಟ್ಟಿನ ಅಂಟು ಕುದಿಯುತ್ತಿರುತ್ತದೆ, ಮೇಲೆ ನಾವು. ಮೊನ್ನೆ ಮಾಲೀಕರ ವಕೀಲ ಚೀಲದಿಂದ ಒಂದು ನೀಲಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ನೋಡಿದರೆ ನಿಮ್ಮ ಬ್ಯಾಂಕಿನದು!

"ನೋಡಿ ಮೇಡಂ, ಇದು ನಮ್ಮ ಮಾತಲ್ಲ. ಕೇಂದ್ರ ಬ್ಯಾಂಕೇ ಈಗ ಎಲ್ಲ ಬಿಚ್ಚಿ ಹೇಳ್ತಾ ಇದೆ. ಇನ್ನು ಮೂರು ವರ್ಷ ಬೆಲೆ ಏರೋದು ವರ್ಷಕ್ಕೆ ನೂರಕ್ಕೆ ಮೂರು. ನಾವು ಮೂರೂವರೆ ಕೊಡ್ತೀವಿ. ಅದರ ಮೇಲೆ ತುಟ್ಟಿಭತ್ಯೆ ಯಾಕೆ?"

ತುಟ್ಟಿಭತ್ಯೆ ನಮ್ಮ ಹಳೆಯ ಷರತ್ತು. ಬೆಲೆ ಏರಿದಷ್ಟೂ ಸಂಬಳ ತಾನಾಗಿ ಏರಬೇಕು ಎನ್ನುವುದು. ಅದನ್ನು ಬಿಟ್ಟುಕೊಟ್ಟರೆ ಆವಿ ಯಂತ್ರದ ಹಾಲಿಗೆ ಎರಡು ದೊಡ್ಡ ಎಕ್ಸಾಸ್ಟ್ ಫ್ಯಾನು, ಪಾಳಿಗೆ ಅರ್ಧ ಗಂಟೆ ವಿಶ್ರಾಂತಿ ಕೊಡುತ್ತಾರಂತೆ. ಆ ಹಾಲನ್ನು ನೀನು ನೋಡಿಲ್ಲ. ಕಾಗದವನ್ನು ಅಲೆ ಅಲೆಯಾಗಿ ಮಡಿಸುವ ರೋಲರುಗಳು ಆವಿಯಲ್ಲೇ ಕಾಯಬೇಕು, ಅವುಗಳ ಜೊತೆ ಮನುಷ್ಯರೂ ಕಾಯುತ್ತಾರೆ. ಹೋದ ಬೇಸಿಗೆಯಲ್ಲಿ ಇಬ್ಬರು ತಲೆಸುತ್ತಿ ಬಿದ್ದರು.

"ನಿಮ್ಮ ತಮ್ಮನೇ ಬರೆದಿರೋದು ಅಲ್ವಾ ಈ ಪುಸ್ತಕ?" ಎಂದು ನಮ್ಮ ಕಡೆ ಕೂತಿದ್ದ ಆವಿ ಯಂತ್ರದವನು ಎಲ್ಲರೆದುರೇ ಕೇಳಿದ. ಒಳಗೊಳಗೆ ಹೆಮ್ಮೆಯಾಯಿತು. ಮುಖ ಗಂಟು ಹಾಕಿಕೊಂಡು ಕೂತೆ.

ನಿನ್ನಿಂದ ನನಗೆ ಯಾವ ಗುಟ್ಟೂ ಬೇಡ. ನಿನ್ನ ಕೆಲಸಕ್ಕೆ ಕುತ್ತು ತರುವಷ್ಟು ದಡ್ಡಿ ನಾನಲ್ಲ. ಅಚ್ಚಾದದ್ದರ ಬಗ್ಗೆಯೇ ಕೇಳುತ್ತೇನೆ. ಈ ನೂರಕ್ಕೆ ಮೂರು ಎನ್ನುವುದನ್ನು ನೀನು ನಂಬುತ್ತೀಯಾ?

ನಿನ್ನ ಅಕ್ಕ


ಫೆಬ್ರವರಿ 20

ಪ್ರೀತಿಯ ಅಕ್ಕ,

ಉತ್ತರ ತಡವಾಯಿತು. ಬಡ್ಡಿದರದ ಸಮಿತಿ ಸೇರುವ ಮುಂಚಿನ ದಿನಗಳಲ್ಲಿ ನಾವು ಬೆಲೆ, ಬಡ್ಡಿ ಯಾವುದರ ಬಗ್ಗೆಯೂ ಹೊರಗಿನವರ ಜೊತೆ ಮಾತಾಡುವಂತಿಲ್ಲ. ಸಮಿತಿ ನಿನ್ನೆ ಮುಗಿಯಿತು. ಅಕ್ಕನೂ ಹೊರಗಿನವಳೇ ಎಂದು ಕೇಳಬೇಡ. "ಒಡಹುಟ್ಟಿದವರು" ಎಂಬ ಪದವೇ ನಿಯಮಪುಸ್ತಕದಲ್ಲಿದೆ.

ನಾನು ಸೇರಿದಾಗ ಈ ಕಟ್ಟಡ ಬಾಯಿ ಬಿಡುತ್ತಿರಲಿಲ್ಲ. ಬಡ್ಡಿ ಏರಿಸಿದ್ದನ್ನೂ ಹೇಳುತ್ತಿರಲಿಲ್ಲ, ಹಣದ ಪೇಟೆಯವರೇ ಕಂಡುಕೊಳ್ಳಬೇಕಿತ್ತು. ಗವರ್ನರ್ ಕಾರು ಎಷ್ಟು ಹೊತ್ತಿಗೆ ಹೊರಟಿತು, ಯಾವ ಮಹಡಿಯ ದೀಪ ಉರಿಯುತ್ತಿತ್ತು ಎಂದು ಪತ್ರಕರ್ತರು ಗೇಟಿನಲ್ಲಿ ನಿಂತು ಬರೆದುಕೊಳ್ಳುತ್ತಿದ್ದರು. ಈಗ ತೀರ್ಮಾನ, ಅದಕ್ಕೆ ಕಾರಣ, ಯಾರು ಯಾವ ಕಡೆ ಮತ ಹಾಕಿದರು, ಮುಂದೆ ಬೆಲೆ ಎಲ್ಲಿಗೆ ಹೋದೀತು, ಎಲ್ಲವೂ ಅಚ್ಚಾಗುತ್ತದೆ. ಆ ಪುಸ್ತಕದ ಎರಡನೇ ಅಧ್ಯಾಯ ನಾನು ಬರೆದದ್ದು. ವಕೀಲರು ಅದನ್ನು ಚೀಲದಲ್ಲಿಟ್ಟುಕೊಂಡು ಓಡಾಡುತ್ತಾರೆ ಎಂದು ಕೇಳಿ ಖುಷಿಯೇ ಆಯಿತು.

ಬಾಯಿ ಬಿಡುವುದರಿಂದ ಏನು ಉಪಯೋಗ ಎಂದು ಭಾವ ಹೋದ ಸಲ ಕೇಳಿದ್ದರು. ನಾವು ಮೂರು ಎಂದರೆ ಅಂಗಡಿಯವನು ಮೂರಕ್ಕೆ ತಕ್ಕಂತೆ ಬೆಲೆ ಇಡುತ್ತಾನೆ, ಕಾರ್ಖಾನೆ ಮೂರಕ್ಕೆ ತಕ್ಕಂತೆ ಸಂಬಳ ಕೊಡುತ್ತದೆ. ಕೊನೆಗೆ ಬೆಲೆಯೂ ಮೂರರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮುಂದೇನೋ ಎಂದು ಎಲ್ಲರೂ ಹೆದರಿದರೆ ಎಲ್ಲರೂ ಸ್ವಲ್ಪ ಸ್ವಲ್ಪ ಜಾಸ್ತಿ ಹಾಕಿಕೊಳ್ಳುತ್ತಾರೆ, ಆ ಹೆದರಿಕೆಯಿಂದಲೇ ಬೆಲೆ ಏರುತ್ತದೆ. ಅಷ್ಟೇ ವಿಷಯ.

ಆವಿಯ ಹಾಲಿಗೆ ಫ್ಯಾನು ಬೇಕೇ ಬೇಕು ಎಂದು ನನಗೂ ಅನಿಸುತ್ತದೆ. ಉಳಿದದ್ದು ನಿಮ್ಮ ಸಂಘದ ವಿಚಾರ.

ನೀನು ಕೇಳಿದ್ದಕ್ಕೆ ಉತ್ತರ: ಹೌದು, ನಂಬುತ್ತೇನೆ.

ನಿನ್ನ ತಮ್ಮ


ಮಾರ್ಚ್ 14

ಪ್ರೀತಿಯ ತಮ್ಮ,

ನಿನ್ನೆ ಸಹಿ ಆಯಿತು. ವರ್ಷಕ್ಕೆ ಮೂರೂವರೆ, ಎರಡು ಫ್ಯಾನು, ಅರ್ಧ ಗಂಟೆ ವಿಶ್ರಾಂತಿ. ತುಟ್ಟಿಭತ್ಯೆ ಬಿಟ್ಟುಕೊಟ್ಟೆವು.

ಸಭೆಯಲ್ಲಿ ಅಂಟು ಕಲಸುವವರು ಒಬ್ಬರೇ ಹಟ ಹಿಡಿದರು. "ಇದ್ದದ್ದನ್ನ ಬಿಡಬಾರದು ಕಣಮ್ಮಾ. ಫ್ಯಾನು ಇವತ್ತಲ್ಲ ನಾಳೆ ಹಾಕ್ಲೇಬೇಕು ಅವರು, ಯಾರಾದ್ರೂ ಸತ್ತರೆ ಕೇಸಾಗತ್ತೆ" ಎಂದರು. ನನಗೆ ರೇಗಿತು. ಯಾರಾದರೂ ಸಾಯುವ ತನಕ ಕಾಯೋಣವಾ ಎಂದೆ. ಆಮೇಲೆ, "ನನ್ನ ತಮ್ಮ ಆ ಪುಸ್ತಕ ಬರೆಯೋ ಜಾಗದಲ್ಲೇ ಕೂತಿದಾನೆ, ಅವನೂ ನಂಬ್ತಾನೆ" ಎಂದೂ ಹೇಳಿದೆ. ಹೇಳಬಾರದಿತ್ತೇನೋ, ಬಾಯಿಗೆ ಬಂದುಬಿಟ್ಟಿತು. ಆದರೆ ಕೈ ಎತ್ತಿದವರಲ್ಲಿ ಅರ್ಧ ಜನ ಆ ಮಾತಿಗೇ ಎತ್ತಿದರು.

ಫ್ಯಾನು ಮುಂದಿನ ವಾರ ಕೂರಿಸುತ್ತಾರೆ. ಆವಿ ಯಂತ್ರದವನ ಹೆಂಡತಿ ನನಗೆ ಎರಡು ಡಜನ್ ಮೊಟ್ಟೆ ಕಳಿಸಿದ್ದಾಳೆ. ನಿನ್ನ ಪಾಲು ನಿನ್ನ ಭಾವನೇ ತಿಂದು ಮುಗಿಸಿದರು.

ನಿನ್ನ ಅಕ್ಕ


ಮಾರ್ಚ್ 27

ಪ್ರೀತಿಯ ಅಕ್ಕ,

ಅಭಿನಂದನೆ. ಫ್ಯಾನಿನ ವಿಷಯ ಕೇಳಿ ಸಂತೋಷವಾಯಿತು.

ಒಪ್ಪಂದದಲ್ಲಿ ಮಧ್ಯೆ ಒಮ್ಮೆ ಮತ್ತೆ ಮಾತಾಡುವ ಅವಕಾಶವೇನಾದರೂ ಇಟ್ಟುಕೊಂಡಿದ್ದೀರಾ? ಸುಮ್ಮನೆ ಕೇಳಿದೆ. ಇಲ್ಲಿ ಕೆಲಸ ಜಾಸ್ತಿ, ಬೇರೆ ವಿಶೇಷವಿಲ್ಲ.

ನಿನ್ನ ತಮ್ಮ


ಸೆಪ್ಟೆಂಬರ್ 2

ತಮ್ಮ,

ತುಂಬ ದಿನವಾಯಿತು. ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ.

ಎಣ್ಣೆ, ಹಾಲು, ಬಸ್ಸಿನ ಟಿಕೆಟ್ಟು ಯಾವುದರ ಬೆಲೆಯನ್ನೂ ನಿನಗೆ ಹೇಳಬೇಕಾಗಿಲ್ಲ. ಅದು ನಿನ್ನ ಕಸುಬು. ಪತ್ರಿಕೆಯಲ್ಲಿ ನೂರಕ್ಕೆ ಆರು ಎಂದಿದ್ದಾರೆ. ನಿನ್ನ ಭಾವ ದಿನಕ್ಕೆರಡು ಸಲ "ಆರಾ?" ಎಂದು ಗೊಣಗಿಕೊಂಡು ಪೆಟ್ರೋಲ್ ಬಂಕಿಗೆ ಹೋಗುತ್ತಾರೆ. ನಿಮ್ಮ ಗವರ್ನರ್ ಟಿವಿಯಲ್ಲಿ ಬಂದು ಹೊರದೇಶದ ತೈಲ, ಹಡಗಿನ ಬಾಡಿಗೆ ಎಂದೆಲ್ಲ ವಿವರವಾಗಿ ಹೇಳಿದರು. "ಮುಂಚೆ ಇವರು ಊಟಕ್ಕೆ ಕೂತು ಮಾತೇ ಆಡದ ಮಾವನ ಹಾಗಿದ್ರು, ಈಗ ಊಟ ಮುಗಿದ್ರೂ ಎದ್ದು ಹೋಗದ ಮಾವ" ಎಂದು ನಿನ್ನ ಭಾವ ನಕ್ಕರು. ನಾನೂ ನಕ್ಕೆ. ಆಮೇಲೆ ಬೇಜಾರಾಯಿತು.

ಕಾರ್ಖಾನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೋದ ವಾರ ಸಂಘದ ಚುನಾವಣೆಯಾಗಿ ಅಂಟು ಕಲಸುವವರು ಕಾರ್ಯದರ್ಶಿಯಾದರು. ನನಗೆ ಎಂಬತ್ತೊಂದು ಮತ. ಕಚೇರಿಯ ಬೀಗದ ಕೈ ಕೊಡಲು ಹೋದಾಗ ಅವರೇ ಎದ್ದು ಕುರ್ಚಿ ಎಳೆದು ಕೂರಿಸಿ, "ಫ್ಯಾನು ನೀವು ಹಾಕಿಸಿದ್ದು, ಅದನ್ನ ಯಾರೂ ಮರೆಯಲ್ಲ" ಎಂದರು. ನಾನು ಈಗ ಪೆಟ್ಟಿಗೆಗೆ ಪಿನ್ನು ಹೊಡೆಯುವ ಮೆಷಿನ್ನಿಗೆ ವಾಪಸ್. ಪೆಡಲ್ ತುಳಿದು ತುಳಿದು ಮೊಣಕಾಲು ನೋಯುತ್ತದೆ. ಎರಡು ವರ್ಷ ಕುರ್ಚಿಯಲ್ಲಿ ಕೂತಿದ್ದಕ್ಕೆ ಬಡ್ಡಿ ಕಟ್ಟುತ್ತಿದ್ದೇನೆ ಎಂದುಕೋ.

ನಿನ್ನ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ನೀನು ನಂಬಿದ್ದೆ, ನಾನೂ ನಂಬಿದೆ, ಇಬ್ಬರದೂ ತಪ್ಪಾಯಿತು. ಮುಂದೆ ಆಗುವುದನ್ನು ಯಾರು ಕಂಡಿದ್ದಾರೆ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ.

ನಿನ್ನ ಅಕ್ಕ


ಸೆಪ್ಟೆಂಬರ್ 16

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊಣಕಾಲಿಗೆ ಡಾಕ್ಟರಿಗೆ ತೋರಿಸು.

ಇಲ್ಲಿನ ಒಂದು ಸುದ್ದಿ, ಪತ್ರಿಕೆಯಲ್ಲೂ ಬಂದಿದೆ. ಪುಸ್ತಕದಲ್ಲಿ ಬರುವ ಅಂದಾಜು ಸಮಿತಿಯದು. ಅದಕ್ಕೆ ಮೊದಲು ನಮ್ಮ ವಿಭಾಗದ ಸಿಬ್ಬಂದಿ ತಮ್ಮದೇ ಒಂದು ಅಂದಾಜು ಮಾಡಿ ಸಮಿತಿಯ ಮುಂದಿಡುತ್ತಾರೆ. ಸಮಿತಿ ಅದನ್ನು ಒಪ್ಪಬಹುದು, ತಿದ್ದಬಹುದು. ಈವರೆಗೆ ಸಿಬ್ಬಂದಿಯ ಅಂದಾಜು ಕಪಾಟಿನಲ್ಲೇ ಉಳಿಯುತ್ತಿತ್ತು. ಅದನ್ನೂ ಅಚ್ಚು ಹಾಕಬೇಕು, ಹಳೆಯವನ್ನೂ ಹೊರಗೆ ಬಿಡಬೇಕು ಎಂದು ಒಂದು ಪ್ರಸ್ತಾಪ ಬಂದು, ಜನರ ಅಭಿಪ್ರಾಯ ಕೇಳಿದ್ದಾರೆ.

ನಾಲ್ಕನೇ ಮಹಡಿಯ ಸಭೆಯ ಕೋಣೆಯಲ್ಲಿ ಇದೇ ಜಗಳ. ಕಿಟಕಿ ತೆಗೆಯುವಂತಿಲ್ಲ, ಫೋನುಗಳೆಲ್ಲ ಹೊರಗೆ ಪೆಟ್ಟಿಗೆಯಲ್ಲಿ. ಎರಡೆರಡು ಅಂಕಿ ಕೊಟ್ಟರೆ ಜನ ಯಾವುದನ್ನೂ ನಂಬುವುದಿಲ್ಲ, ಕಷ್ಟಪಟ್ಟು ಗಳಿಸಿದ ನಂಬಿಕೆ ಮಣ್ಣುಪಾಲಾಗುತ್ತದೆ ಎನ್ನುತ್ತಾರೆ ಹಿರಿಯರು. ಅವರ ಮಾತಿನಲ್ಲಿ ಹುರುಳಿಲ್ಲ ಎಂದು ಹೇಳಲಾರೆ. ನಾನು ಅಚ್ಚು ಹಾಕಬೇಕು ಎನ್ನುವವರ ಕಡೆ ಇದ್ದೇನೆ. ಯಾಕೆ ಎಂದು ಈಗ ಬರೆಯಲು ಬರುವುದಿಲ್ಲ.

ನಿನ್ನ ತಮ್ಮ


ಡಿಸೆಂಬರ್ 11

ತಮ್ಮ,

ಹೊಸ ಪುಸ್ತಕ ತರಿಸಿದೆ. ಕಾರ್ಯದರ್ಶಿಯಲ್ಲದಿದ್ದರೂ ಓದುವ ಚಟ ಹತ್ತಿಕೊಂಡಿದೆ. ಊಟದ ಬಿಡುವಿನಲ್ಲಿ, ಮಡಿಸದ ರಟ್ಟಿನ ರಾಶಿಯ ಮೇಲೆ ಕೂತು ಕೊನೆಯಿಂದ ಶುರು ಮಾಡಿದೆ. ಕೊನೆಯಲ್ಲಿ ಎಂಟನೆಯ ಕೋಷ್ಟಕ. ಹಿಂದಿನ ಎರಡು ವರ್ಷ ಸಮಿತಿ ಹೇಳಿದ್ದು ಒಂದು ಸಾಲಿನಲ್ಲಿ, ಸಿಬ್ಬಂದಿ ಹೇಳಿದ್ದು ಅದರ ಪಕ್ಕದಲ್ಲಿ.

ಹೋದ ಜನವರಿ. ಸಮಿತಿ: ಮೂರು. ಸಿಬ್ಬಂದಿ: ಐದು. ಅಂದಾಜು ಮಾಡಿದವರು: ಹಿರಿಯ ಅಂದಾಜು ಅಧಿಕಾರಿ.

ಆ ಹುದ್ದೆಯಲ್ಲಿ ಇರುವುದು ನೀನೊಬ್ಬನೇ. ಬಡ್ತಿ ಬಂದಾಗ ನೀನೇ ಬರೆದಿದ್ದೆ.

ಜನವರಿಯಲ್ಲಿ ಐದು ಎಂದು ಬರೆದ ಕೈ ಫೆಬ್ರವರಿಯಲ್ಲಿ ನನಗೆ ಮೂರನ್ನು ನಂಬುತ್ತೇನೆ ಎಂದು ಬರೆಯಿತು. ನಿನಗೆ ಐದು ಎಂದು ಹೇಳುವ ಹಾಗಿರಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ಹೇಳಲಾರೆ ಎಂದು ಬರೆಯಬಹುದಿತ್ತು. ಏನೂ ಬರೆಯದೆಯೇ ಇರಬಹುದಿತ್ತು. ನಂಬುತ್ತೇನೆ ಎಂದು ಬರೆ ಎಂದು ನಿನ್ನ ನಿಯಮಪುಸ್ತಕದಲ್ಲಿ ಯಾರೂ ಹೇಳಿರಲಿಲ್ಲ.

ಮುಂದೆ ಆಗುವುದನ್ನು ಯಾರು ಕಂಡಿದ್ದಾರೆ ಎಂದು ಮೂರು ತಿಂಗಳಿಂದ ಎಲ್ಲರೆದುರು ನಿನ್ನ ಪರ ಮಾತಾಡುತ್ತಿದ್ದೆ. ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅಕ್ಕ


ಡಿಸೆಂಬರ್ 19

ಅಕ್ಕ,

ಪುಸ್ತಕ ಹೊರಬರುವ ಮುಂಚೆ ನಿನಗೆ ಹೇಳುವಂತಿರಲಿಲ್ಲ. ಹೊರಬಂದ ಮೇಲೆ ನೀನಾಗಿ ಓದುವ ತನಕ ಹೇಳಲು ಧೈರ್ಯ ಬರಲಿಲ್ಲ. ಹುದ್ದೆಯ ಹೆಸರು ತೆಗೆದು ಅಚ್ಚು ಹಾಕೋಣ ಎಂದು ಮೇಲಿನವರು ಹೇಳಿದ್ದರು. ಬೇಡ ಎಂದೆ.

ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಹೇಳಲಾರೆ ಎಂದು ಬರೆದಿದ್ದರೆ ನೀನು ಅದರಲ್ಲೇ ಉತ್ತರ ಓದಿಕೊಳ್ಳುತ್ತಿದ್ದೆ. ಅಚ್ಚಾದ ಅಂಕಿಯನ್ನು ನಂಬುತ್ತೇನೆ ಎನ್ನಲು ಇವನಿಗೇನು ಕಷ್ಟ, ಏನೋ ಇದೆ ಎಂದುಕೊಳ್ಳುತ್ತಿದ್ದೆ. ಸುಮ್ಮನಿದ್ದರೂ ಅಷ್ಟೇ. ನಾವು ಇಲ್ಲಿ ಮೌನವನ್ನೂ ಮಾತಿನ ಲೆಕ್ಕಕ್ಕೇ ಹಿಡಿಯುತ್ತೇವೆ. ಗವರ್ನರ್ ಕೆಮ್ಮಿದರೂ ಪೇಟೆ ಅದಕ್ಕೊಂದು ಅರ್ಥ ಹಚ್ಚುತ್ತದೆ. ಹಾಗಾಗಿ, ಒಳಗೆ ಏನೂ ಇಲ್ಲದಿದ್ದರೆ ಏನು ಬರೆಯುತ್ತಿದ್ದೆನೋ ಅದನ್ನೇ ಬರೆದೆ. ಹತ್ತು ವರ್ಷದ ಅಭ್ಯಾಸ ಅದು. ಅಕ್ಕನಿಗೆ ಬರೆಯುವಾಗಲೂ ಕೈ ಹಾಗೆಯೇ ಓಡಿತು.

ಇನ್ನೂ ಒಂದು ಇದೆ. ಎಲ್ಲರೂ ಮೂರು ಎಂದು ನಂಬಿದರೆ ಐದು ಆಗಬೇಕಾದದ್ದು ನಾಲ್ಕಕ್ಕೆ ಬರಬಹುದು ಎಂದು ನನಗೆ ಆಸೆಯಿತ್ತು. ಸಮಿತಿಗೂ ಅದೇ ಆಸೆ. ನಾನೂರು ಜನ ಮೂರೂವರೆಗೆ ಒಪ್ಪಿದರೆ, ಅಂಥ ನೂರಾರು ಕಾರ್ಖಾನೆಗಳು ಒಪ್ಪಿದರೆ, ಬೆಲೆ ನಿಜವಾಗಿಯೂ ಕಡಿಮೆ ಏರುತ್ತದೆ. ಹಾಗೆ ಒಪ್ಪುವವರಲ್ಲಿ ನೀನೂ ಒಬ್ಬಳು ಎಂದು ಆಗ ಹೊಳೆಯಲಿಲ್ಲ.

ಈ ಕೊನೆಯ ಸಾಲು ಸುಳ್ಳು. ಹೊಳೆದಿತ್ತು.

ಎಂಟನೆಯ ಕೋಷ್ಟಕ ಬಂದ ದಿನ ಸಾಲಪತ್ರಗಳ ಪೇಟೆ ಕುಸಿಯಿತು, ಪತ್ರಿಕೆಗಳು ಉಗಿದವು. ವಾರ ಕಳೆಯುವಷ್ಟರಲ್ಲಿ ತಣ್ಣಗಾಯಿತು. ಹಿರಿಯರು ಹೆದರಿದಷ್ಟು ಕೆಡಲಿಲ್ಲ, ನಾನು ಎಣಿಸಿದಷ್ಟು ಒಳ್ಳೆಯದೂ ಆಗಿಲ್ಲ. ಕ್ಷಮಿಸು ಎಂದು ಬರೆದರೆ ನೀನು ಅದನ್ನು ಹೇಗೆ ಓದುತ್ತೀಯೋ ಗೊತ್ತಿಲ್ಲ. ಆದರೂ ಕ್ಷಮಿಸು.

ತಮ್ಮ


ಜನವರಿ 30

ತಮ್ಮ,

ಇದು ನನ್ನ ಕಾಗದವಲ್ಲ, ಸಂಘದ್ದು. ಬರೆಯುವ ಕೆಲಸ ನನಗೆ ಬಿದ್ದಿದೆ ಅಷ್ಟೇ.

ನಮ್ಮ ಕಾರ್ಯದರ್ಶಿ ಎಂಟನೆಯ ಕೋಷ್ಟಕವನ್ನು ಮಾಲೀಕರ ವಕೀಲನ ಮುಂದಿಟ್ಟರು. "ಆವತ್ತು ನೀವು ಬ್ಯಾಂಕಿನ ಪುಸ್ತಕ ತೋರಿಸಿದ್ರಿ. ಇವತ್ತು ನಾವು ತೋರಿಸ್ತೀವಿ. ಬ್ಯಾಂಕು ಅದೇ" ಎಂದರು. ತುಟ್ಟಿಭತ್ಯೆಯ ಮಾತು ಮತ್ತೆ ಶುರುವಾಗಿದೆ. ಅದಕ್ಕೆ ಮುಂಚೆ ಈ ಅಂಕಿಗಳನ್ನು ಸದಸ್ಯರಿಗೆ ಯಾರಾದರೂ ಬಿಡಿಸಿ ಹೇಳಬೇಕು. ನೀನೇ ಬರಬೇಕೆಂದು ಸಭೆ ತೀರ್ಮಾನಿಸಿದೆ. ನಿಮ್ಮ ಸಮಿತಿ ಈ ಸಲ ಫೆಬ್ರವರಿ ಮೊದಲ ವಾರವೇ ಮುಗಿಯುತ್ತದೆ, ಅದಾದ ಮೇಲೆ ಅಚ್ಚಾದದ್ದರ ಬಗ್ಗೆ ಮಾತಾಡಲು ನಿಮ್ಮಲ್ಲಿ ಅಡ್ಡಿಯಿಲ್ಲ ಎಂದು ನಾನೇ ಹೇಳಿದೆ. ಫೆಬ್ರವರಿ 14, ಭಾನುವಾರ, ಬೆಳಿಗ್ಗೆ ಹತ್ತಕ್ಕೆ, ಗೇಟಿನ ಪಕ್ಕದ ಸೈಕಲ್ ಸ್ಟ್ಯಾಂಡಿನಲ್ಲಿ.

ನಿನಗೆ ಗೊತ್ತಿತ್ತಾ ಎಂದು ಅವರು ಕೇಳುತ್ತಾರೆ. ನಿನ್ನ ಪರವಾಗಿ ನಾನು ಏನೂ ಹೇಳಿಟ್ಟಿಲ್ಲ, ಹೇಳುವುದೂ ಇಲ್ಲ.

ಅಕ್ಕ


ಫೆಬ್ರವರಿ 17

ತಮ್ಮ,

ನೀನು ಬರುವುದಿಲ್ಲ ಎಂದುಕೊಂಡಿದ್ದೆ. ಹತ್ತಕ್ಕೆ ಐದು ನಿಮಿಷ ಇರುವಾಗ ಗೇಟಿನಲ್ಲಿ ಕಂಡೆ. ಕೈಯಲ್ಲಿ ಪುಸ್ತಕವೂ ಇರಲಿಲ್ಲ. ತೆಳ್ಳಗಾಗಿದ್ದೀಯ.

ನಾನು ಹಿಂದೆ, ಕಂಬದ ಹತ್ತಿರ ನಿಂತಿದ್ದೆ. ಆವಿ ಯಂತ್ರದವನು ಸುತ್ತಿಬಳಸದೆ ಶುರುವಿನಲ್ಲೇ ಕೇಳಿಬಿಟ್ಟ.

"ಸಾರ್, ನಾವು ಕೈ ಎತ್ತಿದಾಗ ನಿಮಗೆ ಐದು ಅಂತ ಗೊತ್ತಿತ್ತಾ?"

"ಗೊತ್ತಿತ್ತು ಅನ್ನಕ್ಕಾಗಲ್ಲ" ಎಂದು ನೀನು ಬಾಯಿ ತೆಗೆದೆ. ಇನ್ನು ಇವನು ಒಂದು ಅಧ್ಯಾಯ ಓದುತ್ತಾನೆ ಎಂದುಕೊಂಡೆ. ನೀನು ಅಲ್ಲಿಗೇ ನಿಲ್ಲಿಸಿದೆ. ಮತ್ತೆ ಶುರು ಮಾಡಿ, "ನನ್ನ ಲೆಕ್ಕದಲ್ಲಿ ಐದು ಬಂದಿತ್ತು. ಅಕ್ಕನಿಗೆ ಮೂರನ್ನ ನಂಬ್ತೀನಿ ಅಂತ ಬರೆದೆ. ಅದು ಸುಳ್ಳು" ಎಂದೆ.

ಯಾರೂ ಕೂಗಲಿಲ್ಲ. ಹೊರಗೆ ಲಾರಿಯೊಂದು ಹಿಂದೆ ಹಿಂದೆ ಬರುತ್ತಾ ಪೀ ಪೀ ಎನ್ನುತ್ತಿತ್ತು. ಆಮೇಲೆ ಅಂಟು ಕಲಸುವವರು, "ಆಯ್ತು. ಮುಂದಿನ ವರ್ಷ ಎಷ್ಟು?" ಎಂದರು. ನನಗೆ ನಗು ಬಂತು, ಅಳುವೂ ಬಂತು. ಸಮಿತಿ ನಾಲ್ಕು ಎನ್ನುತ್ತದೆ, ನನ್ನ ಲೆಕ್ಕದಲ್ಲಿ ನಾಲ್ಕೂವರೆ, ಇಬ್ಬರೂ ತಪ್ಪಬಹುದು, ಹೋದ ವರ್ಷ ಇಬ್ಬರೂ ತಪ್ಪಿದೆವು ಎಂದು ನೀನು ಹೇಳಿದೆ. ಅವರು ಅದನ್ನು ಹಾಗೆ ಹಾಗೆಯೇ ಬರೆದುಕೊಂಡರು. ನೂರಾರು ಜನರೆದುರು ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡವನ ಅಂಕಿಯನ್ನು, ಐದು ನಿಮಿಷವೂ ಕಳೆದಿರಲಿಲ್ಲ, ಬರೆದುಕೊಂಡರು. ಯಾಕೆ ಎಂದು ಸಂಜೆ ನಿನ್ನ ಭಾವನನ್ನು ಕೇಳಿದೆ. "ಇಬ್ಬರೂ ತಪ್ಪಬಹುದು ಅಂದನಲ್ಲ, ಅದಕ್ಕೇ" ಎಂದರು.

ನಿನ್ನೆ ವಕೀಲ ಬಗ್ಗಿದ. ಏಪ್ರಿಲಿನಿಂದ ತುಟ್ಟಿಭತ್ಯೆ ವಾಪಸ್ ಬರುತ್ತದೆ. ಹೋದದ್ದು ಹೋಯಿತು, ಅದನ್ನು ಕೊಡುವುದಿಲ್ಲ. ಫ್ಯಾನು ಇರುತ್ತವೆ.

ಇನ್ನು ನಮ್ಮಿಬ್ಬರ ವಿಷಯ. ಸಭೆ ಮುಗಿದ ಮೇಲೆ ನೀನು ಬಸ್ ಸ್ಟಾಪಿನಲ್ಲಿ ಒಬ್ಬನೇ ನಿಂತಿದ್ದೆ. ನಾನು ಹಿಂದಿನ ಸ್ಟಾಪಿಗೆ ನಡೆದು ಹೋಗಿ ಹತ್ತಿ, ಡಿಪೋ ಕಡೆಯಿಂದ ಬಂದ ಬಸ್ಸಿನಲ್ಲಿದ್ದೆ. ಬಸ್ಸು ನಿಂತಿತು, ನೀನು ನನ್ನನ್ನು ನೋಡಿದೆ, ನಾನೂ ನೋಡಿದೆ. ನಾನು ಇಳಿಯಲಿಲ್ಲ. ಮನೆಗೆ ಬಾ ಎಂದು ಕರೆಯಲೂ ಇಲ್ಲ. ಕಾಣಲಿಲ್ಲವೇನೋ, ಅವಸರವಿತ್ತೇನೋ ಎಂದು ನೀನು ಊಹೆ ಮಾಡಿಕೊಂಡು ಕೂರಬಾರದು ಎಂದೇ ಬರೆಯುತ್ತಿದ್ದೇನೆ. ಕಂಡಿತ್ತು. ಅವಸರ ಇರಲಿಲ್ಲ. ಸಿಟ್ಟಿಗೆ ಇಳಿಯಲಿಲ್ಲ.

ಸಿಟ್ಟು ಡಿಸೆಂಬರಿನಲ್ಲಿ ಇದ್ದಷ್ಟು ಈಗ ಇಲ್ಲ. ಬೇಸಿಗೆಯ ಹೊತ್ತಿಗೆ ಇನ್ನೂ ಇಳಿದೀತು ಎಂದು ನನ್ನ ಅಂದಾಜು, ತಪ್ಪಬಹುದು. ಇಳಿದಾಗ ನಾನೇ ಬರೆಯುತ್ತೇನೆ. ಅಲ್ಲಿಯವರೆಗೆ ನೀನು ಬರೆದದ್ದನ್ನೆಲ್ಲ ಓದುತ್ತೇನೆ, ಉತ್ತರ ಬರೆಯುವುದಿಲ್ಲ. ಉತ್ತರ ಬರಲಿಲ್ಲ ಎಂದರೆ ಇನ್ನೂ ಸಿಟ್ಟಿದೆ ಎಂದಷ್ಟೇ ಅರ್ಥ. ಬೇರೇನೂ ಹುಡುಕಬೇಡ.

ನಿನ್ನ ಅಕ್ಕ